ರಸ್ತೆ ಕಡೆಯ ಕೋಣೆ: ಒಂದು ವಸತಿ ಸಮುಚ್ಚಯದ ಪ್ರಕರಣ ಅಧ್ಯಯನ

ನಗರವಾಸಿಗಳ ಆರೋಗ್ಯದ ಮಾತು ಬಂದಾಗ ಇಡೀ ನಗರಕ್ಕೆ ಒಂದೇ ಅಂಕಿ ಕೊಡುವುದು ನಮಗೆ ರೂಢಿಯಾಗಿದೆ. ಇಂದಿನ ವಾಯು ಗುಣಮಟ್ಟ ಇಷ್ಟು, ಗರಿಷ್ಠ ಉಷ್ಣಾಂಶ ಇಷ್ಟು ಎಂದು ಓದಿ ಮುಂದಿನ ಸುದ್ದಿಗೆ ಹೋಗುತ್ತೇವೆ. ಆದರೆ ನಗರದ ಸರಾಸರಿ ಗಾಳಿಯನ್ನು ಉಸಿರಾಡುವವರು ಯಾರೂ ಇಲ್ಲ. ಮಲಗುವ ಕೋಣೆ ಯಾವುದು, ಅದರ ಕಿಟಕಿ ಯಾವ ದಿಕ್ಕಿಗೆ ತೆರೆದುಕೊಳ್ಳುತ್ತದೆ, ಅದನ್ನು ಯಾವ ಹೊತ್ತಿನಲ್ಲಿ ತೆರೆಯುತ್ತಾರೆ ಎಂಬುದರ ಮೇಲೆ ಶ್ವಾಸಕೋಶಕ್ಕೂ ಹೃದಯಕ್ಕೂ ತಲುಪುವ ಗಾಳಿ ನಿರ್ಧಾರವಾಗುತ್ತದೆ. ಒಂದು ವಸತಿ ಸಮುಚ್ಚಯದಲ್ಲಿ ಇದು ನಮಗೆ ಹೇಗೆ ಅರಿವಾಯಿತು, ಅರಿವಾದ ಮೇಲೆ ಏನು ಮಾಡಲಾಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ನಾನು ಸಮುದಾಯ ಆರೋಗ್ಯ ವಿಭಾಗದ ವೈದ್ಯೆ. ಆ ಬಡಾವಣೆಯ ಚಿಕಿತ್ಸಾಲಯಕ್ಕೆ ಸಲಹೆಗಾರಳಾಗಿ ಹೋಗುತ್ತಿದ್ದೆ. ನಿವಾಸಿಗಳ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಯಾರ ಗುರುತೂ ಸಿಗಬಾರದೆಂದು ವಯಸ್ಸು, ವೃತ್ತಿ, ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಗರದ ಹೆಸರನ್ನು ಬಿಟ್ಟಿದ್ದೇನೆ. ಇಂಥ ಕಟ್ಟಡಗಳು ಎಲ್ಲ ನಗರಗಳಲ್ಲೂ ಇವೆ.

ಹಿನ್ನೆಲೆ

ಕಟ್ಟಡಕ್ಕೆ ನಾಲ್ಕು ಮಹಡಿ, ನಡುವೆ ಒಂದು ಅಂಗಳ. ಅರ್ಧ ಮನೆಗಳು ರಸ್ತೆಗೆ ಮುಖ ಮಾಡಿವೆ, ಉಳಿದವು ಅಂಗಳಕ್ಕೆ. ಕಟ್ಟಿದ ಕಾಲಕ್ಕೆ ಆ ರಸ್ತೆ ಅಗಲವಾಗಿರಲಿಲ್ಲ, ಅದರ ಅಂಚಿನಲ್ಲಿ ಮರಗಳ ಸಾಲು ಇತ್ತು. ಆಮೇಲೆ ರಸ್ತೆ ಅಗಲವಾಯಿತು, ಮರಗಳು ಹೋದವು, ಸಿಗ್ನಲ್ ಬಂತು, ಸಿಗ್ನಲ್‌ಗೆ ತುಸು ಹಿಂದೆ ಬಸ್ ನಿಲ್ದಾಣ ಬಂತು. ಎದುರುಗಡೆ ಇನ್ನೂ ಎತ್ತರದ ಕಟ್ಟಡಗಳು ಎದ್ದವು. ಎರಡೂ ಕಡೆ ಎತ್ತರದ ಗೋಡೆಗಳಿರುವ ಇಂಥ ರಸ್ತೆಯಲ್ಲಿ ಹೊಗೆ ಪಕ್ಕಕ್ಕೆ ಹರಡಲು ಜಾಗವಿಲ್ಲ; ಗಾಳಿ ಅಲ್ಲಲ್ಲೇ ಸುತ್ತುತ್ತದೆ, ಹೊಗೆಯೂ ಅದರ ಜೊತೆ ಸುತ್ತುತ್ತದೆ.

ಬದಲಾವಣೆಗಳೆಲ್ಲ ಒಂದೊಂದಾಗಿ ಬಂದವು. ಪ್ರತಿಯೊಂದಕ್ಕೂ ಅದರದೇ ಸಮರ್ಥನೆ ಇತ್ತು, ಪ್ರತಿಯೊಂದಕ್ಕೂ ಬೇರೆ ಬೇರೆ ಇಲಾಖೆಯ ಒಪ್ಪಿಗೆ ಇತ್ತು. ಎಲ್ಲ ಸೇರಿ ಒಳಗಿರುವವರ ದೇಹಕ್ಕೆ ಏನು ಮಾಡುತ್ತವೆ ಎಂದು ಲೆಕ್ಕ ಹಾಕುವ ಹೊಣೆ ಮಾತ್ರ ಯಾರದೂ ಆಗಿರಲಿಲ್ಲ.

ಕಾಲ ಸರಿದಂತೆ ನಿವಾಸಿಗಳೂ ಬೇರೆಯಾದರು. ಅಂಗಳದ ಕಡೆಯ ಮನೆಗಳಲ್ಲಿ ಹಳಬರು ಉಳಿದರು. ರಸ್ತೆ ಕಡೆಯ ಮನೆಗಳ ಬಾಡಿಗೆ ಇಳಿಯಿತು, ಕಡಿಮೆ ಆದಾಯದ ಕುಟುಂಬಗಳು ಅಲ್ಲಿಗೆ ಬಂದವು. ಸಂಪಾದನೆ ಕಡಿಮೆ ಇದ್ದವರ ಪಾಲಿಗೆ ಹೊಗೆ ಹೆಚ್ಚು ಬಂತು. ಇದು ಈ ಕಟ್ಟಡದಲ್ಲಿ ಮಾತ್ರ ಆಗಿರುವುದಲ್ಲ, ಹಾಗಾಗಿಯೇ ಇದನ್ನು ಹೇಳದೆ ಮುಂದೆ ಹೋಗಲಾರೆ.

ಮೂವರು ರೋಗಿಗಳು, ಒಂದೇ ಗೋಡೆ

ಮೊದಲು ಗಮನಿಸಿದವರು ಚಿಕಿತ್ಸಾಲಯದ ನರ್ಸ್. ಇನ್‌ಹೇಲರ್ ಮತ್ತೆ ಮತ್ತೆ ತೆಗೆದುಕೊಂಡು ಹೋಗುವವರ ಪಟ್ಟಿ ಅವರ ಬಳಿ ಇರುತ್ತಿತ್ತು. ಅದರಲ್ಲಿ ಒಂದೇ ಕಟ್ಟಡದ ಹೆಸರು ಪದೇ ಪದೇ ಬರುತ್ತಿದೆ, ಅದರಲ್ಲೂ ರಸ್ತೆ ಕಡೆಯ ಮನೆಗಳೇ ಹೆಚ್ಚು ಎಂದು ಅವರು ನನಗೆ ತೋರಿಸಿದರು. ಅವರು ಬೆರಳಿಟ್ಟು ತೋರಿಸಿದ ಮೂವರ ಕಥೆ ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ.

ನೆಲಮಹಡಿಯ ಒಂದೇ ಕೋಣೆಯ ಮನೆಯಲ್ಲಿ ಏಳೆಂಟು ವರ್ಷದ ಬಾಲಕನಿದ್ದ. ಅವನಿಗೆ ಅಸ್ತಮಾ. ಕಿಟಕಿಗೂ ಬಸ್ ನಿಲ್ದಾಣಕ್ಕೂ ನಡುವೆ ಕಾಲುದಾರಿ ಮತ್ತು ಕಾಂಪೌಂಡ್ ಗೋಡೆ, ಅಷ್ಟೇ. ಬೆಳಗಿನ ಜಾವ ಕೆಮ್ಮು ಶುರುವಾಗುತ್ತಿತ್ತು, ಶಾಲೆ ತಪ್ಪುತ್ತಿತ್ತು. ಕೊಟ್ಟ ಔಷಧ ಸರಿಯಾಗಿಯೇ ಇತ್ತು, ತಾಯಿ ಅದನ್ನು ತಪ್ಪದೆ ಕೊಡುತ್ತಿದ್ದರು. ಆದರೂ ಪ್ರಮಾಣ ಏರುತ್ತಲೇ ಹೋಯಿತು.

ಎರಡನೆಯವರು ರಾತ್ರಿ ಪಾಳಿಯ ಕೆಲಸಗಾರ, ನಲವತ್ತು ದಾಟಿದವರು. ಹಗಲು ರಸ್ತೆ ಕಡೆಯ ಕೋಣೆಯಲ್ಲಿ ಮಲಗುತ್ತಿದ್ದರು. ಮೂರು ಬಗೆಯ ಮಾತ್ರೆ ತೆಗೆದುಕೊಂಡರೂ ರಕ್ತದೊತ್ತಡ ಹತೋಟಿಗೆ ಬಂದಿರಲಿಲ್ಲ. "ನಿದ್ದೆ ಬರುತ್ತದೆ ಡಾಕ್ಟರೇ, ಎದ್ದಾಗ ಮಾತ್ರ ನಿದ್ದೆ ಮಾಡಿದಂತೆಯೇ ಇರುವುದಿಲ್ಲ" ಎನ್ನುತ್ತಿದ್ದರು. ಸದ್ದಿಗೆ ಒಗ್ಗಿಕೊಂಡಿದ್ದೇವೆ ಎಂದು ನಂಬುವವರ ದೇಹ ಒಗ್ಗಿಕೊಂಡಿರುವುದಿಲ್ಲ. ಎಚ್ಚರವಾಗದಿದ್ದರೂ ಹಾರ್ನ್ ಕೇಳಿದಾಗ ನಾಡಿ ಏರುತ್ತದೆ, ಒತ್ತಡದ ಹಾರ್ಮೋನುಗಳು ಒಸರುತ್ತವೆ. ಆರೋಗ್ಯವಂತರಲ್ಲಿ ನಿದ್ದೆಯ ವೇಳೆ ರಕ್ತದೊತ್ತಡ ಶೇ. 10ರಿಂದ 20ರಷ್ಟು ಇಳಿಯಬೇಕು. ಆ ಇಳಿತ ಸಿಗದೆ ವರ್ಷಗಟ್ಟಲೆ ಕಳೆದರೆ ಹೃದಯ, ಮೂತ್ರಪಿಂಡ, ಮೆದುಳಿನ ರಕ್ತನಾಳಗಳು ಅದರ ಬೆಲೆ ತೆರುತ್ತವೆ.

ಮೂರನೆಯವರು ಮೇಲಿನ ಮಹಡಿಯಲ್ಲಿ ಒಬ್ಬರೇ ಇರುವ, ಎಪ್ಪತ್ತರ ಆಸುಪಾಸಿನ ಮಹಿಳೆ. ರಕ್ತದೊತ್ತಡಕ್ಕೆ ಮೂತ್ರವರ್ಧಕ ಮಾತ್ರೆ ನುಂಗುತ್ತಿದ್ದರು, ನಿದ್ದೆ ಬಾರದೆಂದು ಇನ್ನೊಂದು ಮಾತ್ರೆ ಸೇರಿತ್ತು. ಬೇಸಿಗೆಯಲ್ಲಿ ತಲೆಸುತ್ತು, ಚಳಿಗಾಲದಲ್ಲಿ ದಮ್ಮು.

ಮೂವರನ್ನೂ ಬೇರೆ ಬೇರೆ ವೈದ್ಯರು ನೋಡುತ್ತಿದ್ದರು. ಒಬ್ಬರಿಗೆ ಶ್ವಾಸಕೋಶದ ಚೀಟಿ, ಒಬ್ಬರಿಗೆ ಹೃದಯದ್ದು, ಇನ್ನೊಬ್ಬರಿಗೆ ವಯಸ್ಸಿನ ಕಾರಣ. ಮೂರೂ ಚೀಟಿಗಳಲ್ಲಿ ವಿಳಾಸ ಬರೆದಿತ್ತು. ಅದು ನೋಂದಣಿಗೆ ಮಾತ್ರ ಎಂದು ಎಲ್ಲರೂ ತಿಳಿದಿದ್ದರು.

ಮೊದಲ ಪ್ರಯತ್ನ: ಕಿಟಕಿ ಮುಚ್ಚುವುದು

ಈ ವಿಷಯವನ್ನು ನಿವಾಸಿಗಳ ಸಂಘದ ಮುಂದೆ ಇಟ್ಟಾಗ ಸಭೆ ಚುರುಕಾಗಿ ನಡೆಯಿತು. ಶತ್ರು ಯಾರೆಂದು ಎಲ್ಲರಿಗೂ ಕಣ್ಣೆದುರೇ ಕಾಣುತ್ತಿತ್ತು: ಕಿಟಕಿಯ ಸರಳುಗಳ ಮೇಲೆ ಪ್ರತಿದಿನ ಕೂರುವ ಕಪ್ಪು ಧೂಳು. ಹಾಗಾಗಿ ಅದನ್ನು ಒಳಗೆ ಬಿಡಬಾರದು ಎಂದು ತೀರ್ಮಾನವಾಯಿತು. ರಸ್ತೆ ಕಡೆಯ ಕಿಟಕಿಗಳ ಸಂದುಗಳನ್ನು ರಬ್ಬರ್ ಪಟ್ಟಿಯಿಂದ ಮುಚ್ಚಿದರು. ಕೆಲವರು ಗಾಳಿ ಶುದ್ಧೀಕರಣ ಯಂತ್ರ ಕೊಂಡರು. ಕಾಂಪೌಂಡ್ ಉದ್ದಕ್ಕೂ ಬೇಗ ಬೆಳೆಯುವ, ದಟ್ಟ ಎಲೆಯ ಮರಗಳನ್ನು ನೆಡುವ ಯೋಜನೆ ಸಿದ್ಧವಾಯಿತು.

ಧೂಳಿಗೆ ಎದುರಾಗಿ ಇದು ತಪ್ಪಾದ ಯೋಚನೆಯೇನಲ್ಲ. ಒಳ್ಳೆಯ ಫಿಲ್ಟರ್ ಇರುವ ಯಂತ್ರ ಕೋಣೆಯ ಸೂಕ್ಷ್ಮ ಕಣಗಳನ್ನು ಚೆನ್ನಾಗಿಯೇ ಹಿಡಿಯುತ್ತದೆ. ಪಿಎಂ 2.5 ಎಂದು ಕರೆಯುವ ಈ ಕಣಗಳ ಅಡ್ಡಳತೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ, ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗದಷ್ಟು. ಮೂಗು, ಗಂಟಲು ಇವನ್ನು ತಡೆಯಲಾರವು. ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿದು ಅಲ್ಲಿ ಉರಿಯೂತ ಹುಟ್ಟಿಸುತ್ತವೆ. ಉರಿಯೂತ ರಕ್ತಕ್ಕೂ ಹಬ್ಬುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ರಕ್ತನಾಳದ ಗೋಡೆಯ ಕೊಬ್ಬಿನ ಗಂಟು ಬಿರಿಯುವ ಸಾಧ್ಯತೆ ಏರುತ್ತದೆ. ವಾಯುಮಾಲಿನ್ಯ ಎಂದರೆ ಬರೀ ಕೆಮ್ಮು ಎಂದುಕೊಂಡವರು ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಲೆಕ್ಕವನ್ನು ಮರೆತಿರುತ್ತಾರೆ. ಆದ್ದರಿಂದ ಒಳಗಿನ ಕಣಗಳನ್ನು ಕಡಿಮೆ ಮಾಡುವುದು ನಿಜಕ್ಕೂ ಪ್ರಯೋಜನದ ಕೆಲಸ. ಆದರೆ ಕಣ ಹಿಡಿಯುವ ಫಿಲ್ಟರ್ ನೈಟ್ರೋಜನ್ ಡೈಆಕ್ಸೈಡ್‌ನಂಥ ಅನಿಲವನ್ನು ಹಿಡಿಯುವುದಿಲ್ಲ. ಆ ಅನಿಲ ಡೀಸೆಲ್ ಹೊಗೆಯಿಂದಲೂ ಬರುತ್ತದೆ, ಅಡುಗೆಯ ಗ್ಯಾಸ್ ಉರಿಯಿಂದಲೂ ಬರುತ್ತದೆ. ಕಿಟಕಿ ಮುಚ್ಚಿದ ಮನೆಯಲ್ಲಿ ಒಲೆ ಹೊತ್ತಿಸಿದಾಗ ಅದು ಒಳಗೇ ಉಳಿಯಿತು. ಬಾಲಕನ ಕೆಮ್ಮು ತಗ್ಗದಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು.

ಚಳಿಗಾಲದಲ್ಲಿ ಈ ವ್ಯವಸ್ಥೆ ಹೇಗೋ ನಡೆಯಿತು. ಬೇಸಿಗೆ ಬಂದಾಗ ಪರಿಸ್ಥಿತಿ ತಲೆಕೆಳಗಾಯಿತು.

ಕಾಂಕ್ರೀಟ್ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಅದನ್ನು ಕೆಳಗಿನ ಕೋಣೆಗೆ ಬಿಡುತ್ತದೆ. ನಗರದ ರಾತ್ರಿಗಳು ಸುತ್ತಲಿನ ಬಯಲಿಗಿಂತ ಬಿಸಿಯಾಗಿರುವುದಕ್ಕೆ ಇದೇ ಮುಖ್ಯ ಕಾರಣ: ಕಲ್ಲು, ಕಾಂಕ್ರೀಟ್, ಡಾಂಬರು ಹೀರಿಕೊಂಡ ಶಾಖ ಕತ್ತಲಾದ ಮೇಲೆ ಹೊರಬರುತ್ತದೆ, ಅದನ್ನು ತಗ್ಗಿಸುವ ಮರಗಿಡ, ತೇವದ ನೆಲ ಅಲ್ಲಿರುವುದಿಲ್ಲ. ಮೇಲಿನ ಮಹಡಿಯ ಮಹಿಳೆ ಸಂಘದ ಮಾತಿನಂತೆ ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಸತತ ಬಿಸಿಯ ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಅವರು ಬಾಗಿಲು ತೆರೆಯಲಿಲ್ಲ. ಪಕ್ಕದ ಮನೆಯವರು ಒಳಹೊಕ್ಕಾಗ ನೆಲದ ಮೇಲೆ ಬಿದ್ದಿದ್ದರು. ಆಸ್ಪತ್ರೆಯಲ್ಲಿ ನಿರ್ಜಲೀಕರಣ, ತೀರಾ ಕೆಳಗಿಳಿದ ರಕ್ತದೊತ್ತಡ, ಸೋಡಿಯಂ ಏರುಪೇರು ಕಂಡುಬಂದವು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂಕಾಗುತ್ತದೆ, ಬೆವರುವ ಶಕ್ತಿ ಕುಗ್ಗುತ್ತದೆ. ಅದರ ಮೇಲೆ ದೇಹದ ನೀರನ್ನು ಹೊರಹಾಕುವ ಮಾತ್ರೆ, ಎಚ್ಚರವನ್ನು ತಗ್ಗಿಸುವ ಮಾತ್ರೆ. ಅವರು ಬದುಕುಳಿದರು.

1995ರ ಜುಲೈನಲ್ಲಿ ಅಮೆರಿಕದ ಶಿಕಾಗೋದಲ್ಲಿ ಬಿಸಿಗಾಳಿ ಬೀಸಿ ಏಳುನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಸಂಶೋಧಕರು ಸತ್ತವರ ಮನೆಗಳನ್ನೂ ಬದುಕಿದ ನೆರೆಯವರ ಮನೆಗಳನ್ನೂ ಹೋಲಿಸಿ ನೋಡಿದ್ದರು. ಒಬ್ಬರೇ ವಾಸಿಸುವವರಿಗೆ, ದಿನವೂ ಮನೆಯಿಂದ ಹೊರಬಾರದವರಿಗೆ, ಮೇಲಿನ ಮಹಡಿಯಲ್ಲಿದ್ದವರಿಗೆ ಅಪಾಯ ಹೆಚ್ಚಿತ್ತು. ನಮ್ಮ ಕಟ್ಟಡದ ಈ ಮಹಿಳೆಗೆ ಮೂರೂ ಅನ್ವಯಿಸುತ್ತಿದ್ದವು. ಧೂಳಿನ ಲೆಕ್ಕದಲ್ಲಿ ಅವರ ಮನೆ ನೆಲಮಹಡಿಗಿಂತ ಉತ್ತಮ. ಬಿಸಿಯ ಲೆಕ್ಕದಲ್ಲಿ ಇಡೀ ಕಟ್ಟಡದಲ್ಲೇ ಕೆಟ್ಟ ಮನೆ ಅವರದು. ಎಲ್ಲರಿಗೂ ಒಂದೇ ಸಲಹೆ ಕೊಟ್ಟದ್ದರಿಂದ ಒಬ್ಬರ ಪಾಲಿನ ಮದ್ದು ಇನ್ನೊಬ್ಬರಿಗೆ ವಿಷವಾಯಿತು.

ನರ್ಸ್ ತಂದ ಹಾಳೆ

ಇಲ್ಲಿಂದ ಪ್ರಕರಣದ ದಾರಿ ಬದಲಾಯಿತು. ಬದಲಿಸಿದವರು ಮತ್ತೆ ಅದೇ ನರ್ಸ್. ಅವರು ಪ್ರತಿ ಮಹಡಿಯ ನಕ್ಷೆಯನ್ನು ಕೈಯಲ್ಲೇ ಗೀಚಿ, ಪ್ರತಿ ಕೋಣೆಯೊಳಗೆ ಮೂರು ವಿಷಯ ಬರೆದರು: ಇಲ್ಲಿ ಯಾರು ಮಲಗುತ್ತಾರೆ, ಯಾವ ಹೊತ್ತಿನಲ್ಲಿ ಮಲಗುತ್ತಾರೆ, ಕಿಟಕಿ ಯಾವಾಗ ತೆರೆಯುತ್ತಾರೆ. ಉಪಕರಣಗಳಿಗಿಂತ ಮೊದಲು ಈ ಹಾಳೆ ಬಂತು. ಆಮೇಲೆ ನಾವು ಎರವಲು ತಂದ ಸಣ್ಣ ಕಣಮಾಪಕಗಳನ್ನೂ ಉಷ್ಣಮಾಪಕಗಳನ್ನೂ ಎರಡೂ ಬದಿಯ ಕೆಲವು ಕೋಣೆಗಳಲ್ಲಿ ಇಟ್ಟೆವು, ಹಾಸಿಗೆಯ ತಲೆಭಾಗದಲ್ಲಿ ಶಬ್ದಮಾಪಕ ಇಟ್ಟೆವು. ಅಗ್ಗದ ಮಾಪಕಗಳು ನಿಖರವಾದ ಅಂಕಿ ಕೊಡುವುದಿಲ್ಲ. ಎರಡು ಕೋಣೆಗಳನ್ನು, ಎರಡು ಹೊತ್ತುಗಳನ್ನು ಹೋಲಿಸಲು ಅವು ಸಾಕು, ನಮಗೆ ಬೇಕಿದ್ದದ್ದೂ ಅಷ್ಟೇ.

ಒಂದು ಸಂಗತಿ ಎದ್ದು ಕಂಡಿತು. ರಸ್ತೆ ಕಡೆಯ ಮನೆಗಳಲ್ಲಿ ಕಣಗಳ ಪ್ರಮಾಣ ದಿನವಿಡೀ ಒಂದೇ ಸಮ ಇರಲಿಲ್ಲ. ಅತಿ ಹೆಚ್ಚು ಇದ್ದದ್ದು ಬೆಳಗಿನ ಜಾವದಿಂದ ಬಿಸಿಲೇರುವವರೆಗೆ. ಮೊದಲ ಬಸ್ಸುಗಳು ಹೊತ್ತು ಮೂಡುವ ಮುಂಚೆಯೇ ನಿಲ್ದಾಣಕ್ಕೆ ಬಂದು, ಹೊರಡುವ ವೇಳೆಯವರೆಗೂ ಎಂಜಿನ್ ಚಾಲೂ ಇಟ್ಟುಕೊಂಡೇ ನಿಲ್ಲುತ್ತಿದ್ದವು. ಆ ಹೊತ್ತಿನಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ನೆಲದ ಹತ್ತಿರದ ತಂಪು ಗಾಳಿಯ ಮೇಲೆ ಬೆಚ್ಚಗಿನ ಗಾಳಿಯ ಪದರ ಪಾತ್ರೆಯ ಮುಚ್ಚಳದಂತೆ ಕೂತಿರುತ್ತದೆ, ಹೊಗೆ ಮೇಲೇರಲು ಬಿಡುವುದಿಲ್ಲ. ಮನೆಯವರು ಕಿಟಕಿಗಳನ್ನು ತೆರೆಯುತ್ತಿದ್ದದ್ದೂ ಅದೇ ಹೊತ್ತಿಗೆ. ಬೆಳಗಿನ ಗಾಳಿ ಶುದ್ಧ ಎಂಬ ನಂಬಿಕೆ ಎಲ್ಲರಲ್ಲೂ ಬೇರೂರಿದೆ. ಈ ರಸ್ತೆಯಲ್ಲಿ ಆ ನಂಬಿಕೆಯೇ ಬಾಲಕನ ಬೆಳಗಿನ ಕೆಮ್ಮಿಗೆ ದಾರಿ ಮಾಡಿಕೊಡುತ್ತಿತ್ತು.

ಅಂಗಳದ ಕಡೆಯ ಕೋಣೆಗಳ ಓದಿಕೆ ಬೇರೆಯೇ ಇತ್ತು. ಕೆಲವೇ ಹೆಜ್ಜೆಗಳ ಅಂತರ, ನಡುವೆ ಎರಡು ಗೋಡೆ. ವಾಹನದ ಹೊಗೆಯ ಅತಿ ಸೂಕ್ಷ್ಮ ಕಣಗಳು ರಸ್ತೆಯಿಂದ ದೂರ ಸರಿದಂತೆ ಬೇಗನೆ ಕಡಿಮೆಯಾಗುತ್ತವೆ. ಲಾಸ್ ಏಂಜಲೀಸ್‌ನ ಹೆದ್ದಾರಿಗಳ ಬಳಿ ನಡೆದ ಅಳತೆಗಳಲ್ಲಿ ಸುಮಾರು 300 ಮೀಟರ್ ಆಚೆ ಅವುಗಳನ್ನು ನಗರದ ಸಾಮಾನ್ಯ ಗಾಳಿಯಿಂದ ಬೇರ್ಪಡಿಸಿ ಗುರುತಿಸುವುದೇ ಕಷ್ಟವಾಗಿತ್ತು. ನಮ್ಮ ಕಟ್ಟಡದಲ್ಲಿ ಅಷ್ಟು ದೂರವಿಲ್ಲ, ಆದರೆ ಕಟ್ಟಡದ ಒಡಲೇ ಅಡ್ಡಗೋಡೆಯಾಗಿತ್ತು. ಸದ್ದಿನಲ್ಲೂ ಇದೇ ವ್ಯತ್ಯಾಸ. ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗಾಗಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ರಸ್ತೆ ಸಂಚಾರದ ಸದ್ದು ರಾತ್ರಿ ಸರಾಸರಿ 45 ಡೆಸಿಬಲ್ ಮೀರಬಾರದು ಎಂದಿದೆ. ಆ ಮಿತಿಯನ್ನು ಮನೆಯ ಹೊರಗೋಡೆಯ ಬಳಿ ಅಳೆಯಬೇಕು. ರಸ್ತೆ ಕಡೆಯ ಕೋಣೆಗಳಲ್ಲಿ ಕಿಟಕಿ ತೆರೆದಾಗ ಒಳಗಿನ ದಿಂಬಿನ ಬಳಿಯೇ ಸದ್ದು ಅದನ್ನು ಮೀರುತ್ತಿತ್ತು.

ಹೀಗೆ "ಈ ಕಟ್ಟಡ ಅನಾರೋಗ್ಯಕರ" ಎಂಬ ಒಂದು ವಾಕ್ಯ ಹಲವು ಸಣ್ಣ ಪ್ರಶ್ನೆಗಳಾಗಿ ಒಡೆಯಿತು. ಯಾವ ಕೋಣೆ, ಯಾವ ಹೊತ್ತು, ಯಾವ ದೇಹ? ಅಲ್ಲಿಂದ ಮುಂದೆ ಏನಾದರೂ ಮಾಡಲು ಸಾಧ್ಯವಾಯಿತು.

ಎರಡನೇ ಸುತ್ತಿನ ತೀರ್ಮಾನಗಳು

ಮನೆಯೊಳಗೆ ಮಾಡಬಹುದಾದದ್ದು ಮೊದಲು. ಎರಡೂ ಕಡೆ ಕೋಣೆ ಇದ್ದ ಮನೆಗಳಲ್ಲಿ ಮಲಗುವ ಕೋಣೆಯನ್ನು ಅಂಗಳದ ಕಡೆಗೆ, ಕೂರುವ ಕೋಣೆಯನ್ನು ರಸ್ತೆ ಕಡೆಗೆ ಬದಲಿಸಿದರು. ಕಿಟಕಿಗಳಿಗೆ ವೇಳಾಪಟ್ಟಿ ಬಂತು: ರಸ್ತೆ ಕಡೆಯವು ಬೆಳಗಿನ ದಟ್ಟಣೆ ಕಳೆದ ಮೇಲೆ, ಅಂಗಳದ ಕಡೆಯವು ರಾತ್ರಿಯಿಡೀ. ಒಲೆ ಉರಿಯುವಾಗ ಹೊಗೆ ಹೊರದೂಡುವ ಫ್ಯಾನ್ ಕಡ್ಡಾಯ. ತಾರಸಿಗೆ ಬಿಸಿಲನ್ನು ಹಿಂದಕ್ಕೆ ಚೆಲ್ಲುವ ಬಿಳಿ ಲೇಪ ಹಚ್ಚಿದರು. ಮೇಲಿನ ಮಹಡಿಯವರಿಗೆ ಅದರ ಫಲ ಅದೇ ಬೇಸಿಗೆಯಲ್ಲಿ ಗೊತ್ತಾಯಿತು.

ಮರಗಳ ವಿಷಯದಲ್ಲಿ ಜಗಳವೇ ಆಯಿತು. ಮರ ಬೇಡ ಎನ್ನುವ ವೈದ್ಯೆಯನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ. ಮರಗಳು ಬೇಡವೆಂದು ನಾನು ಹೇಳಲಿಲ್ಲ, ಆ ಜಾಗದಲ್ಲಿ ಆ ಬಗೆಯ ಮರ ಬೇಡ ಎಂದೆ. ಎರಡೂ ಬದಿ ಎತ್ತರದ ಗೋಡೆಗಳಿರುವ ಇಕ್ಕಟ್ಟಿನ ರಸ್ತೆಯಲ್ಲಿ ದಟ್ಟ ಕೊಂಬೆಗಳು ಮೇಲೆ ಕೂಡಿಕೊಂಡರೆ ಹೊಗೆ ಕೆಳಗೇ ಸಿಲುಕುತ್ತದೆ, ಕಾಲುದಾರಿಯಲ್ಲಿ ನಡೆಯುವವರೂ ನೆಲಮಹಡಿಯವರೂ ಅದನ್ನು ಇನ್ನಷ್ಟು ಉಸಿರಾಡಬೇಕಾಗುತ್ತದೆ. ಅಲ್ಲಿ ಬೇಕಾದದ್ದು ರಸ್ತೆಗೂ ಕಾಲುದಾರಿಗೂ ನಡುವೆ ದಟ್ಟವಾದ, ಎತ್ತರವಿಲ್ಲದ ಬೇಲಿ. ನೆರಳಿನ ಮರಗಳು ಬೇಕಾದದ್ದು ಅಂಗಳದಲ್ಲಿ: ಅಲ್ಲಿ ಹೊಗೆ ಇಲ್ಲ, ಬಿಸಿ ಇದೆ, ಕೂರುವ ಜನ ಇದ್ದಾರೆ. ಕೊನೆಗೆ ಅದೇ ಆಯಿತು.

ಮೇಲಿನ ಮಹಡಿಯ ಮಹಿಳೆ ಮಾತ್ರ ಕೋಣೆ ಬದಲಿಸಲು ಒಪ್ಪಲಿಲ್ಲ. ಅವರ ಹಾಸಿಗೆ ಇದ್ದದ್ದು ರಸ್ತೆ ಕಡೆಯ ಕಿಟಕಿಯ ಪಕ್ಕ. ಹೊಗೆ, ಸದ್ದು, ಬಿಸಿ ಎಂದು ನಾವು ಒಂದೊಂದಾಗಿ ವಿವರಿಸಿದೆವು. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ನೀವು ಹೇಳುವುದೆಲ್ಲ ಸರಿ ಡಾಕ್ಟರೇ. ಆದರೆ ಹಿಂದಿನ ಕೋಣೆಯಲ್ಲಿ ಒಂದು ನರಪಿಳ್ಳೆಯೂ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಬಸ್ಸಿಗೆ ಕಾಯುವ ಮಕ್ಕಳನ್ನಾದರೂ ನೋಡುತ್ತೇನೆ."

ಆ ಮಾತನ್ನು ಹಟ ಎಂದು ಬದಿಗೆ ಸರಿಸಿದ್ದರೆ ದೊಡ್ಡ ಅನ್ಯಾಯವಾಗುತ್ತಿತ್ತು. ಒಂಟಿತನವೂ ಆಯುಸ್ಸನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ. ನಾವು ಅವರಿಗೆ ಶುದ್ಧ ಗಾಳಿ ಕೊಡುವ ನೆಪದಲ್ಲಿ ಅವರ ಕೊನೆಯ ಸಂಪರ್ಕವನ್ನು ಕಿತ್ತುಕೊಳ್ಳಲು ಹೊರಟಿದ್ದೆವು. ಅವರ ಜೊತೆಯೇ ಕೂತು ಬೇರೆ ದಾರಿ ಹುಡುಕಿದೆವು. ಹಾಸಿಗೆ ಹಿಂದಿನ ಕೋಣೆಗೆ ಹೋಯಿತು, ಕುರ್ಚಿ ಕಿಟಕಿಯ ಪಕ್ಕದಲ್ಲೇ ಉಳಿಯಿತು. ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಗಾಜು ಮುಚ್ಚಿರುತ್ತದೆ, ಮಕ್ಕಳು ಗಾಜಿನಾಚೆ ಕಾಣುತ್ತಾರೆ. ಅಂಗಳದ ಮರಗಳ ಕೆಳಗೆ ಸಂಜೆ ಕೂರುವ ಹಿರಿಯರ ಗುಂಪಿಗೆ ಅವರನ್ನು ಕರೆತರುವ ಹೊಣೆಯನ್ನು ಪಕ್ಕದ ಮನೆಯವರು ಹೊತ್ತರು. ಸಂಘದವರು ಒಬ್ಬಂಟಿಗರ ಪಟ್ಟಿ ಮಾಡಿಕೊಂಡು, ಬಿಸಿ ಏರಿದ ದಿನಗಳಲ್ಲಿ ಬೆಳಿಗ್ಗೆ, ಸಂಜೆ ಬಾಗಿಲು ತಟ್ಟುವ ಕ್ರಮ ಆರಂಭಿಸಿದರು. ಚಿಕಿತ್ಸಾಲಯದಲ್ಲಿ ಬೇಸಿಗೆಗೆ ಮುಂಚೆ ಎಲ್ಲ ಹಿರಿಯರ ಮಾತ್ರೆಗಳನ್ನು ಮತ್ತೊಮ್ಮೆ ಪರಿಶೀಲಿಸುವುದು ರೂಢಿಗೆ ಬಂತು. ಆ ಮಹಿಳೆಯ ನಿದ್ದೆಯ ಮಾತ್ರೆಯನ್ನು ನಿಧಾನವಾಗಿ ನಿಲ್ಲಿಸಿದರು, ಮೂತ್ರವರ್ಧಕವನ್ನು ಬದಲಿಸಿದರು.

"ಎಷ್ಟು ಜನ ಸತ್ತಿದ್ದಾರೆ?"

ಮನೆಯೊಳಗಿನ ಬದಲಾವಣೆಗೆ ಒಂದು ಮಿತಿ ಇದೆ. ಬಸ್ ನಿಲ್ದಾಣವನ್ನು ಸಿಗ್ನಲ್ ದಾಟಿ ಆಚೆಗೆ, ಯಾರ ಕಿಟಕಿಯೂ ಇಲ್ಲದ ಜಾಗಕ್ಕೆ ಸ್ಥಳಾಂತರಿಸಬೇಕು, ನಿಂತ ಬಸ್ಸಿನ ಎಂಜಿನ್ ಆರಿಸಬೇಕು ಎಂದು ಸಂಬಂಧಪಟ್ಟವರಿಗೆ ಮನವಿ ಕೊಟ್ಟೆವು. ಸಭೆಯಲ್ಲಿ ಒಬ್ಬ ಅಧಿಕಾರಿ ಕೇಳಿದರು: "ಈ ಕಟ್ಟಡದಲ್ಲಿ ಹೊಗೆಯಿಂದ ಎಷ್ಟು ಜನ ಸತ್ತಿದ್ದಾರೆ, ಅದಕ್ಕೆ ದಾಖಲೆ ಕೊಡಿ."

ಈ ಪ್ರಶ್ನೆಯನ್ನು ಇಂಥ ಕೆಲಸ ಮಾಡುವ ಎಲ್ಲರೂ ಎದುರಿಸುತ್ತಾರೆ. ಅದಕ್ಕೆ ನೇರ ಉತ್ತರ ಇಲ್ಲ, ಇರಲೂ ಸಾಧ್ಯವಿಲ್ಲ. ಒಂದು ಕಟ್ಟಡದಲ್ಲಿ ವರ್ಷಕ್ಕೆ ಸಾಯುವವರು ಬೆರಳೆಣಿಕೆಯವರು, ಅಷ್ಟರಲ್ಲಿ ಹೊಗೆಯ ಪಾಲನ್ನು ಬೇರ್ಪಡಿಸಲಾಗದು. 1952ರ ಡಿಸೆಂಬರ್‌ನಲ್ಲಿ ಲಂಡನ್ನನ್ನು ಐದು ದಿನ ಆವರಿಸಿದ್ದ ಹೊಗೆಮಂಜಿನಲ್ಲಿ ಸುಮಾರು 4,000 ಮಂದಿ ಸತ್ತರೆಂದು ಮೊದಲು ಅಂದಾಜಾಯಿತು, ನಂತರದ ವಿಶ್ಲೇಷಣೆಯಲ್ಲಿ ಆ ಸಂಖ್ಯೆ 12,000ದವರೆಗೆ ಹೋಯಿತು. ಸತ್ತವರ ಒಟ್ಟು ಸಂಖ್ಯೆಯನ್ನು ಬೇರೆ ವರ್ಷಗಳಿಗೆ ಹೋಲಿಸಿದಾಗಲೇ ಅದರ ಅಗಾಧತೆ ತಿಳಿದದ್ದು. ಅದೇ ಲಂಡನ್‌ನಲ್ಲಿ, ವಾಹನದಟ್ಟಣೆಯ ರಸ್ತೆಯ ಹತ್ತಿರ ವಾಸವಿದ್ದ ಒಂಬತ್ತು ವರ್ಷದ ಬಾಲಕಿ 2013ರಲ್ಲಿ ಅಸ್ತಮಾದಿಂದ ತೀರಿಕೊಂಡಳು. ಅವಳ ಸಾವಿಗೆ ವಾಯುಮಾಲಿನ್ಯವೂ ಕಾರಣ ಎಂದು ವಿಚಾರಣಾಧಿಕಾರಿ ದಾಖಲಿಸಿದ್ದು 2020ರಲ್ಲಿ. ಏಳು ವರ್ಷ ಬೇಕಾಯಿತು.

ಆಯುಸ್ಸಿನ ಸಾಕ್ಷ್ಯ ಬರಬೇಕಾದದ್ದು ದೊಡ್ಡ ಜನಸಮೂಹದಿಂದ, ಅದು ಬಂದಿದೆ ಕೂಡ. ಅಮೆರಿಕದ ಆರು ನಗರಗಳ 8,000ಕ್ಕೂ ಹೆಚ್ಚು ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಗಮನಿಸಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಧೂಮಪಾನ ಮೊದಲಾದವುಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅತಿ ಮಲಿನ ನಗರದಲ್ಲಿ ಸಾವಿನ ಪ್ರಮಾಣ ಅತಿ ಸ್ವಚ್ಛ ನಗರಕ್ಕಿಂತ ಶೇ. 26ರಷ್ಟು ಹೆಚ್ಚಿತ್ತು. 2009ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆ ಅದೇ ದೇಶದ 51 ಮಹಾನಗರ ಪ್ರದೇಶಗಳನ್ನು ನೋಡಿತು: ಸೂಕ್ಷ್ಮ ಕಣಗಳು ಘನ ಮೀಟರಿಗೆ 10 ಮೈಕ್ರೋಗ್ರಾಂನಷ್ಟು ತಗ್ಗಿದಲ್ಲಿ ಸರಾಸರಿ ಆಯುಸ್ಸು ಸುಮಾರು ಏಳು ತಿಂಗಳು ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವಾರ್ಷಿಕ ಮಿತಿಯನ್ನು 10ರಿಂದ 5 ಮೈಕ್ರೋಗ್ರಾಂಗೆ ಇಳಿಸಿದ್ದು ಇಂಥ ಅಧ್ಯಯನಗಳ ಬಲದಿಂದಲೇ.

ಸಭೆಯಲ್ಲಿ ಇದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ ಉದಾಹರಣೆ ಯೂಟಾ ಕಣಿವೆಯದು. ಅಮೆರಿಕದ ಆ ಕಣಿವೆಯಲ್ಲಿ ಒಂದು ಉಕ್ಕಿನ ಕಾರ್ಖಾನೆ 1986ರಿಂದ 87ರವರೆಗೆ ಸುಮಾರು ಒಂದು ವರ್ಷ ಮುಚ್ಚಿತ್ತು. ಆ ಚಳಿಗಾಲದಲ್ಲಿ ಉಸಿರಾಟದ ಕಾಯಿಲೆಯಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಗಣನೀಯವಾಗಿ ಇಳಿಯಿತು, ಕಾರ್ಖಾನೆ ತೆರೆದ ಮೇಲೆ ಮತ್ತೆ ಏರಿತು. ಮಕ್ಕಳು ಅವರೇ, ಊರು ಅದೇ. ಇದನ್ನು ಹೇಳಿ, "ಸತ್ತವರ ಪಟ್ಟಿ ಕೊಡಲಾರೆವು, ನಿಲ್ದಾಣವನ್ನು ಒಂದು ಚಳಿಗಾಲದ ಮಟ್ಟಿಗೆ ಸರಿಸಿ ನೋಡಿ, ಕೆಮ್ಮಿನ ಪಟ್ಟಿ ಕೊಡುತ್ತೇವೆ" ಎಂದು ನರ್ಸ್ ಕೇಳಿದರು. ಶಾಶ್ವತ ಬದಲಾವಣೆಗೆ ಒಪ್ಪದವರು ತಾತ್ಕಾಲಿಕ ಪ್ರಯೋಗಕ್ಕೆ ಒಪ್ಪಿದರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ಜಾಣ ನಡೆ ಇದು.

ಆದದ್ದೇನು

ನಿಲ್ದಾಣ ಸರಿಯಿತು, ಚಳಿಗಾಲ ಮುಗಿದ ಮೇಲೆ ಹಿಂದಕ್ಕೆ ಬರಲಿಲ್ಲ. ಎಂಜಿನ್ ಆರಿಸುವ ನಿಯಮವನ್ನು ಕೆಲವು ಚಾಲಕರು ಪಾಲಿಸುತ್ತಾರೆ, ಕೆಲವರು ಪಾಲಿಸುವುದಿಲ್ಲ. ನೆಲಮಹಡಿಯ ಬೆಳಗಿನ ಓದಿಕೆ ಸ್ಪಷ್ಟವಾಗಿ ತಗ್ಗಿತು, ಅಂಗಳದ ಕಡೆಯ ಮಟ್ಟಕ್ಕೆ ಮಾತ್ರ ಇಳಿಯಲಿಲ್ಲ. ಹೊಗೆ ನಿಂತರೂ ಬ್ರೇಕ್ ಮತ್ತು ಟೈರು ಸವೆದು ಏಳುವ ಧೂಳು ಇದ್ದೇ ಇರುತ್ತದೆ, ಸಿಗ್ನಲ್ ಇರುವಲ್ಲಿ ಅದು ಹೆಚ್ಚು.

ಬಾಲಕನ ಬೆಳಗಿನ ಜಾವದ ಕೆಮ್ಮು ಕಡಿಮೆಯಾಯಿತು, ಆ ಚಳಿಗಾಲದಲ್ಲಿ ಅವನನ್ನು ತುರ್ತು ಚಿಕಿತ್ಸೆಗೆ ಕರೆದೊಯ್ಯುವ ಪ್ರಮೇಯ ಬರಲಿಲ್ಲ. ವಯಸ್ಸಾದಂತೆ ಕೆಲವು ಮಕ್ಕಳ ಅಸ್ತಮಾ ತಾನಾಗಿಯೇ ಹತೋಟಿಗೆ ಬರುತ್ತದೆ, ಆದ್ದರಿಂದ ಎಲ್ಲ ಕೀರ್ತಿಯನ್ನೂ ನಿಲ್ದಾಣಕ್ಕೆ ಕೊಡಲಾಗದು. ಆದರೆ ಅವನ ಶ್ವಾಸಕೋಶ ಇನ್ನೂ ಬೆಳೆಯುತ್ತಿದೆ ಎಂಬುದನ್ನು ನೆನಪಿಡಬೇಕು. ದಕ್ಷಿಣ ಕ್ಯಾಲಿಫೋರ್ನಿಯಾದ ಮಕ್ಕಳ ದೀರ್ಘ ಅಧ್ಯಯನದಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಬೆಳೆದವರ ಶ್ವಾಸಕೋಶದ ಬೆಳವಣಿಗೆ ದೂರದವರಿಗಿಂತ ಕುಂಠಿತವಾಗಿತ್ತು. ಗಾಳಿ ಸುಧಾರಿಸಿದ ನಂತರದ ವರ್ಷಗಳಲ್ಲಿ ಬೆಳೆದ ಮಕ್ಕಳಲ್ಲಿ ಶ್ವಾಸಕೋಶವೂ ಉತ್ತಮವಾಗಿ ಬೆಳೆದದ್ದನ್ನು ಅದೇ ಅಧ್ಯಯನ 2015ರಲ್ಲಿ ತೋರಿಸಿತು. ಬಾಲ್ಯದಲ್ಲಿ ಕಳೆದುಕೊಂಡ ಶ್ವಾಸಕೋಶದ ಶಕ್ತಿ ಮುಪ್ಪಿನಲ್ಲಿ ಬೇಕಾದಾಗ ಇರುವುದಿಲ್ಲ. ನಗರ ಮತ್ತು ಆಯುಸ್ಸಿನ ಸಂಬಂಧ ಹೀಗೆ ಏಳನೇ ವಯಸ್ಸಿನಲ್ಲೇ ಬರೆಯಲ್ಪಡುತ್ತದೆ.

ಪಾಳಿ ಕೆಲಸಗಾರ ಅಂಗಳದ ಕಡೆ ಮಲಗಲು ಆರಂಭಿಸಿದ ಕೆಲವು ತಿಂಗಳಲ್ಲಿ ರಕ್ತದೊತ್ತಡ ಇಳಿಯಿತು, ಅವರ ವೈದ್ಯರು ಒಂದು ಮಾತ್ರೆಯನ್ನು ನಿಲ್ಲಿಸಿದರು. ಅದೇ ಹೊತ್ತಿಗೆ ಅವರು ಉಪ್ಪು ಕಡಿಮೆ ಮಾಡಿದ್ದರು, ಅದನ್ನೂ ಹೇಳಬೇಕು. ಮೇಲಿನ ಮಹಡಿಯ ಮಹಿಳೆ ಮುಂದಿನ ಬೇಸಿಗೆಯನ್ನು ಆಸ್ಪತ್ರೆಗೆ ಹೋಗದೆ ಕಳೆದರು.

ಪೂರ್ತಿ ಸಂತೋಷಪಡಲು ಬಿಡದ ಸಂಗತಿಯೂ ಒಂದಿದೆ. ನಿಲ್ದಾಣ ಸರಿದು ಸದ್ದು ತಗ್ಗಿದ ಮೇಲೆ ರಸ್ತೆ ಕಡೆಯ ಕೆಲವು ಮನೆಗಳ ಬಾಡಿಗೆ ಏರಿತು, ಎರಡು ಕುಟುಂಬಗಳು ಬಿಟ್ಟು ಹೋದವು. ಅವರು ಈಗ ಇನ್ನೊಂದು ದಟ್ಟಣೆಯ ರಸ್ತೆಯ ಬದಿಯಲ್ಲಿದ್ದಾರೆ. ಜಾಗವನ್ನು ಸುಧಾರಿಸುವವರು ಅಲ್ಲಿರುವ ಜನ ಅಲ್ಲೇ ಉಳಿಯುವಂತೆ ಬಾಡಿಗೆಯ ಕರಾರನ್ನು ಮೊದಲೇ ಮಾತನಾಡಿಕೊಳ್ಳಬೇಕು. ಸಂಘದ ಮುಂದೆ ಈ ವಿಷಯ ಬಂದದ್ದು ಅವರು ಹೋದ ಮೇಲೆ. ಉಳಿದ ಮನೆಗಳ ಮಾಲೀಕರ ಜೊತೆ ಅಂಥ ಕರಾರು ಈಗ ಆಗಿದೆ, ಬಾಲಕನ ಮನೆಯೂ ಅದರಲ್ಲಿ ಸೇರಿದೆ.

ಚಿಕಿತ್ಸಾಲಯದ ನೋಂದಣಿ ಹಾಳೆಯಲ್ಲಿ ವಿಳಾಸದ ಕೆಳಗೆ ಈಗ ಕೆಲವು ಪ್ರಶ್ನೆಗಳು ಸೇರಿವೆ: ಎಷ್ಟನೇ ಮಹಡಿ, ಮಲಗುವ ಕೋಣೆಯ ಕಿಟಕಿ ಎತ್ತ ಕಡೆಗೆ, ಅದನ್ನು ಯಾವ ಹೊತ್ತಿಗೆ ತೆರೆಯುತ್ತೀರಿ, ಮನೆಯಲ್ಲಿ ಹಗಲು ಯಾರಿರುತ್ತಾರೆ. ಹೊಸ ರೋಗಿಗೆ ಇವನ್ನು ಕೇಳಲು ಹೆಚ್ಚು ಹೊತ್ತು ಬೇಡ. ಔಷಧದ ಪ್ರಮಾಣ ಏರಿಸುವ ಮುನ್ನ ಆ ಉತ್ತರಗಳನ್ನು ಓದುವ ಅಭ್ಯಾಸ ಅಲ್ಲಿನ ವೈದ್ಯರಿಗೆ ಬಂದಿದೆ.

ಹಿಂದೆ ಕೋಣೆಯೇ ಇಲ್ಲದ, ನೆಲಮಹಡಿಯ ಒಂದೇ ಕೋಣೆಯ ಮನೆಗಳಿಗೆ ಇನ್ನೂ ಪರಿಹಾರ ಸಿಕ್ಕಿಲ್ಲ. ಅಲ್ಲಿ ಸಂಘವೇ ಗಾಳಿ ಶುದ್ಧೀಕರಣ ಯಂತ್ರಗಳನ್ನು ಕೊಡಿಸಿ, ಅವುಗಳ ಫಿಲ್ಟರ್ ಬದಲಿಸುವ ಖರ್ಚನ್ನೂ ಹೊತ್ತಿದೆ. ರಾತ್ರಿ ಭಾರಿ ಲಾರಿಗಳು ಈ ರಸ್ತೆಯಲ್ಲಿ ಓಡಾಡದಂತೆ ಮಾಡಬೇಕೆಂಬ ಅರ್ಜಿ ಸಲ್ಲಿಕೆಯಾಗಿದೆ, ಉತ್ತರ ಬಂದಿಲ್ಲ. ಅದರ ಜೊತೆಗೆ ಕೊಡಲು ಈ ಬೇಸಿಗೆಯ ರಾತ್ರಿಗಳ ಶಬ್ದದ ಅಳತೆಯನ್ನು ನರ್ಸ್ ಮತ್ತು ನೆಲಮಹಡಿಯ ಮೂರು ಕುಟುಂಬಗಳು ಸೇರಿ ಬರೆದಿಡುತ್ತಿದ್ದಾರೆ.